ಹಳೇ ಫೋಟೋದಲ್ಲಿ ಮುರಿದು ಬಿದ್ದ ಯುದ್ಧವಿಮಾನ ಯಾವುದು? ಗುರುತು ಹಿಡಿಯುವ ಸಮಗ್ರ ಮಾರ್ಗದರ್ಶಿ

ಫೋಟೋ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಎರಡೇ ಕಡೆ. ಒಂದು, ವಿಮಾನದ ಮೈಮೇಲಿನ ಗುರುತು. ಇನ್ನೊಂದು, ಫೋಟೋದ ಹಿಂದೆ ಯಾರೋ ಬರೆದಿಟ್ಟ ಸಾಲು. ಶಿಲುಬೆ ಇದ್ದರೆ ಜರ್ಮನ್. ಹಿಂದೆ ‘ಜೀರೋ, ಬರ್ಮಾ’ ಅಂತ ಬರೆದಿದ್ದರೆ ಜಪಾನಿನ ಜೀರೋ ಫೈಟರ್. ಅಲ್ಲಿಗೆ ತೀರ್ಪು ಆಗಿಹೋಯಿತು. ಆಮೇಲೆ ಎರಡು ವಾರ ಆ ಹೆಸರಿಗೆ ಹೊಂದುವ ಸಾಕ್ಷಿ ಹುಡುಕುವುದೇ ಕೆಲಸ. ನನಗೆ ಫೋಟೋ ಕಳಿಸಿ ಕೇಳುವವರು ಬಹಳ ಮಂದಿ ಇದೇ ಜಾಗದಲ್ಲಿ ಎಡವುತ್ತಾರೆ. ನಾನೂ ಎಡವಿದ್ದೇನೆ, ಅದರ ಕತೆ ಮುಂದೆ ಬರುತ್ತದೆ.

ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಮೊದಲು ಲೋಹ, ಆಮೇಲೆ ಬಣ್ಣ, ಎಲ್ಲಕ್ಕಿಂತ ಕೊನೆಗೆ ಬರಹ. ಕೆಳಗಿನ ಹಂತಗಳು ಎರಡನೇ ಮಹಾಯುದ್ಧದ, ಅಂದರೆ 1939ರಿಂದ 1945ರವರೆಗಿನ ಫೋಟೋಗಳಿಗೆ. ಹಂತ ಹಾರಿಸಬೇಡಿ. ಬೇಸರ ಆದರೂ ಹಾರಿಸಬೇಡಿ.

## ಮೊದಲು ಇವನ್ನು ಹತ್ತಿರ ಇಟ್ಟುಕೊಳ್ಳಿ

ಸಾಮಾನ್ಯ ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು. ಒಂದು ಭೂತಗನ್ನಡಿ, ಸ್ಕೇಲು, ಚೂಪಾದ ಪೆನ್ಸಿಲ್ಲು, ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬಟರ್ ಪೇಪರ್. ಕಂಪ್ಯೂಟರಿನಲ್ಲಿ ಬೆಳಕು, ಕತ್ತಲೆ ಹೆಚ್ಚುಕಡಿಮೆ ಮಾಡಲು ಬರುವ ಯಾವುದಾದರೂ ಸಾಫ್ಟ್‌ವೇರ್. ಜೊತೆಗೆ ನೀವು ಅನುಮಾನಿಸುವ ವಿಮಾನಗಳ ಮೂರು ಕಡೆಯ ನಕ್ಷೆ: ಮೇಲಿಂದ, ಪಕ್ಕದಿಂದ, ಎದುರಿನಿಂದ ನೋಡಿದ್ದು. ಹಾರುತ್ತಿರುವ ವಿಮಾನದ ಚೆಂದದ ಬಣ್ಣದ ಚಿತ್ರ ಇಲ್ಲಿ ಉಪಯೋಗಕ್ಕೆ ಬರುವುದು ಕಡಿಮೆ. ಬಿದ್ದ ವಿಮಾನದ ಹೊಟ್ಟೆ ಕಾಣುತ್ತದೆ, ಒಳಗಿನ ಎಲುಬು ಕಾಣುತ್ತದೆ. ಅದಕ್ಕೆ ಮೆಕ್ಯಾನಿಕ್‌ಗಳು ಬಳಸುತ್ತಿದ್ದ ರಿಪೇರಿ ಕೈಪಿಡಿಯ ಚಿತ್ರಗಳೇ ಬೇಕು.

ಬೇಡವಾದದ್ದು ಒಂದಿದೆ. ಮಸುಕಾದ ಫೋಟೋವನ್ನು ಒಂದೇ ಒತ್ತಿಗೆ ಚೊಕ್ಕ ಮಾಡಿ, ಬಣ್ಣ ತುಂಬಿ ಕೊಡುವ ಆ್ಯಪ್‌ಗಳು. ಇವು ಇಲ್ಲದ ವಿವರವನ್ನು ತಾವೇ ಹುಟ್ಟಿಸುತ್ತವೆ. ಬೂದು ಕಲೆ ಇದ್ದ ಕಡೆ ‘8’ ಬರುತ್ತದೆ, ಗೀರು ಇದ್ದ ಕಡೆ ಬಂದೂಕಿನ ನಳಿಗೆ ಬರುತ್ತದೆ. ನೀವು ಓದುವುದು 1942ರ ಫೋಟೋ ಅಲ್ಲ, ನಿಮ್ಮ ಫೋನಿನ ಕಲ್ಪನೆ.

## ಹಂತ 1: ಎರಡೂ ಮಗ್ಗುಲು ಸ್ಕ್ಯಾನ್ ಮಾಡಿ

ಆಗಿನ ಪ್ರಿಂಟುಗಳು ತೀರಾ ಚಿಕ್ಕವು, ಎಷ್ಟೋ ಸಲ 6 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಉದ್ದ ಅಷ್ಟೇ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಬಾಲದ ಮೇಲಿನ ನಂಬರ್ ಕರಗಿಹೋಗುತ್ತದೆ. 1200 ಇಟ್ಟುಕೊಳ್ಳಿ. ಕಪ್ಪುಬಿಳುಪು ಫೋಟೋ ಆದರೂ ಕಲರ್ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿ. ಹಳದಿ ಕಲೆ ಯಾವುದು, ಫೋಟೋದೊಳಗಿನ ನೆರಳು ಯಾವುದು ಅಂತ ಆಗ ಬೇರೆ ಮಾಡಬಹುದು.

ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಕಾಗದದ ಹೆಸರು ಅಲ್ಲಿ ಮುದ್ರೆ ಆಗಿರುತ್ತದೆ. ‘ಆಗ್ಫಾ ಲೂಪೆಕ್ಸ್’ ಅಂತಿದ್ದರೆ ಜರ್ಮನ್ ಕಾಗದ, ‘ವೆಲಾಕ್ಸ್’ ಅಂತಿದ್ದರೆ ಕೊಡಾಕ್ ಕಾಗದ. ಇದು ಫೋಟೋ ಯಾರ ಜೇಬಿನಲ್ಲಿತ್ತು ಅನ್ನುವುದಕ್ಕೆ ಸುಳಿವು, ವಿಮಾನ ಯಾರದು ಅನ್ನುವುದಕ್ಕಲ್ಲ. ಕೈಬರಹವನ್ನು ಇದ್ದ ಹಾಗೇ ನೋಟ್‌ಬುಕ್ಕಿನಲ್ಲಿ ಬರೆದು, ಆ ಪುಟವನ್ನು ಮಡಚಿಡಿ. ಹಂತ 9 ಬರುವ ತನಕ ಅದನ್ನು ಮತ್ತೆ ನೋಡಬೇಡಿ. ನಿಜವಾಗಿ ಹೇಳುತ್ತಿದ್ದೇನೆ, ಮಡಚಿಡಿ.

ಆಲ್ಬಮ್ಮಿನಲ್ಲಿ ಅಂಟಿಸಿದ ಫೋಟೋ ಆದರೆ ಕೀಳುವ ಮೊದಲು ಇಡೀ ಪುಟದ ಒಂದು ಫೋಟೋ ತೆಗೆದುಕೊಳ್ಳಿ. ಅಕ್ಕಪಕ್ಕದ ಚಿತ್ರಗಳಲ್ಲಿ ಊರು, ಹೊಳೆ, ಸೇತುವೆ ಇರಬಹುದು. ಒಮ್ಮೆ ಕಿತ್ತರೆ ಆ ನೆಂಟಸ್ತಿಕೆ ಹೋಯಿತು.

## ಹಂತ 2: ವಿಮಾನ ಬಿಟ್ಟು ಉಳಿದದ್ದನ್ನು ನೋಡಿ

ಹತ್ತು ನಿಮಿಷ ವಿಮಾನವನ್ನು ಮರೆತುಬಿಡಿ. ಮರದಲ್ಲಿ ಎಲೆ ಇದೆಯಾ? ನೆಲದಲ್ಲಿ ಕೊಯ್ದ ಗೋಧಿಯ ಕೂಳೆ ಇದೆಯಾ, ಹಿಮ ಇದೆಯಾ, ಮರಳಾ? ಪಕ್ಕದಲ್ಲಿ ನಿಂತ ಸೈನಿಕರ ಬಟ್ಟೆ ಯಾವ ದೇಶದ್ದು? ಕೋಟು ಹಾಕಿದ್ದಾರಾ, ತೋಳು ಮಡಚಿದ್ದಾರಾ? ಇದರಿಂದ ಋತು ಮತ್ತು ರಣರಂಗದ ಅಂದಾಜು ಸಿಗುತ್ತದೆ.

ಇಲ್ಲಿ ಆಗುವ ತಪ್ಪು: ಜರ್ಮನ್ ಸೈನಿಕರು ನಿಂತಿದ್ದಾರೆ ಅಂತ ವಿಮಾನವನ್ನೂ ಜರ್ಮನ್ ಅಂದುಬಿಡುವುದು. ನಿಜ ಸಾಮಾನ್ಯವಾಗಿ ಉಲ್ಟಾ. ಸೈನಿಕರು ನಗುನಗುತ್ತಾ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡದ್ದು ಶತ್ರುವಿನ ವಿಮಾನದ ಜೊತೆ. ತಮ್ಮವನೇ ಸತ್ತ ವಿಮಾನದ ಮುಂದೆ ಯಾರು ಹಲ್ಲು ಕಿಸಿಯುತ್ತಾರೆ, ಅಲ್ವಾ?

## ಹಂತ 3: ಫೋಟೋ ಎಡಬಲ ತಿರುಗಿದೆಯಾ ನೋಡಿ

ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕಿದ ಫೋಟೋಗಳು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇವೆ. ಅಕ್ಷರ ಕಂಡರೆ ಕೂಡಲೇ ಗೊತ್ತಾಗುತ್ತದೆ. ಅಕ್ಷರ ಇಲ್ಲದಿದ್ದರೆ ಮನುಷ್ಯರನ್ನು ನೋಡಿ. ಜರ್ಮನ್ ಸೈನಿಕನ ಎದೆಯ ಮೇಲಿನ ಹದ್ದಿನ ಚಿಹ್ನೆ ಅವನ ಬಲಗಡೆ ಇರುತ್ತದೆ, ಅಂದರೆ ಎದುರಿಗೆ ನಿಂತ ನಮಗೆ ಎಡಗಡೆ ಕಾಣಬೇಕು. ಗಂಡಸರ ಕೋಟಿನಲ್ಲಿ ಎಡಪಟ್ಟಿ ಬಲಪಟ್ಟಿಯ ಮೇಲೆ ಬರುತ್ತದೆ.

ಮನುಷ್ಯರೂ ಇಲ್ಲದಿದ್ದರೆ ವಿಮಾನದ ಒಂದೇ ಮಗ್ಗುಲಲ್ಲಿ ಇರುವ ವಸ್ತುಗಳೇ ಗತಿ. ಜರ್ಮನ್ನರ ಫೈಟರ್ ಮೆಸ್ಸರ್‌ಶ್ಮಿಟ್ 109ರ ಎಂಜಿನ್‌ಗೆ ಗಾಳಿ ಎಳೆಯುವ ಬಾಯಿ ಎಡಮಗ್ಗುಲಲ್ಲಿ ಮಾತ್ರ. ಮೊದಲ ಮಾದರಿಗಳಿಂದ ಐದನೆಯದರ ತನಕ ಬ್ರಿಟಿಷರ ಸ್ಪಿಟ್‌ಫೈರ್ ಫೈಟರಿನಲ್ಲಿ ಬಲರೆಕ್ಕೆಯ ಕೆಳಗೆ ದೊಡ್ಡ ರೇಡಿಯೇಟರ್ ಡಬ್ಬ, ಎಡರೆಕ್ಕೆಯ ಕೆಳಗೆ ಚಿಕ್ಕ ಆಯಿಲ್ ಕೂಲರ್. ಅದರ ಕಾಕ್‌ಪಿಟ್ಟಿನ ಪುಟ್ಟ ಬಾಗಿಲೂ ಎಡಕ್ಕೇ. ಜರ್ಮನ್ ಬಾಂಬರ್ ಯುಂಕರ್ಸ್ 88ರ ಮೂಗಿನ ಕೆಳಗಿನ ತೊಟ್ಟಿಲು ನಡುವಿನಿಂದ ಬಲಕ್ಕೆ ಸರಿದಿರುತ್ತದೆ.

ಈ ಪರೀಕ್ಷೆಯನ್ನು ಈಗಲೇ ಯಾಕೆ ಮಾಡಬೇಕು ಅಂದರೆ, ತಿರುಗಿದ ಫೋಟೋದಲ್ಲಿ ಮುಂದಿನ ಪ್ರತಿ ಹಂತವೂ ನಿಮಗೆ ತಪ್ಪು ಉತ್ತರ ಕೊಡುತ್ತದೆ, ಅದೂ ಧೈರ್ಯವಾಗಿ.

## ಹಂತ 4: ಉಳಿದ ಭಾಗಗಳನ್ನು ಬಟರ್ ಪೇಪರಿನಲ್ಲಿ ಎತ್ತಿಕೊಳ್ಳಿ

ಸ್ಕ್ಯಾನ್ ಮಾಡಿದ್ದನ್ನು ಎ4 ಅಳತೆಗೆ ದೊಡ್ಡದು ಮಾಡಿ ಪ್ರಿಂಟ್ ತೆಗೆಯಿರಿ. ಮೇಲೆ ಬಟರ್ ಪೇಪರ್ ಹಾಸಿ, ಖಚಿತವಾಗಿ ಕಾಣುವ ಅಂಚುಗಳನ್ನು ಮಾತ್ರ ಎಳೆಯಿರಿ. ಊಹೆಯ ಗೆರೆ ಬೇಡ. ಆಮೇಲೆ ಪ್ರತಿ ತುಂಡಿಗೆ ನಂಬರ್ ಹಾಕಿ: 1 ರೆಕ್ಕೆಯ ತುದಿ, 2 ಎಂಜಿನ್, 3 ಏನೋ ಗೊತ್ತಿಲ್ಲ. ‘ಗೊತ್ತಿಲ್ಲ’ ಅಂತ ಬರೆಯಲು ನಾಚಿಕೆ ಬೇಡ. ಸುಮಾರು ಸಲ ಆ ಗೊತ್ತಿಲ್ಲದ ತುಂಡೇ ಗುಟ್ಟು ಬಿಡಿಸುತ್ತದೆ.

ವಿಮಾನ ಬೆನ್ನಡಿಯಾಗಿ ಬಿದ್ದಿದೆಯಾ ಅನ್ನುವುದೂ ಇಲ್ಲೇ ಗೊತ್ತಾಗಬೇಕು. ಅಲಾಸ್ಕಾದ ಅಕುಟಾನ್ ದ್ವೀಪದಲ್ಲಿ 1942ರ ಜೂನ್ 4ರಂದು ಇಳಿಯಲು ಹೋದ ಜಪಾನಿ ಜೀರೋ ಒಂದು ಜವುಗಿನಲ್ಲಿ ಚಕ್ರ ಸಿಕ್ಕಿ ಬೆನ್ನಡಿಯಾಗಿ ಮಗುಚಿತು. ಅಂಥ ಫೋಟೋದಲ್ಲಿ ನಮಗೆ ಕಾಣುವುದು ಹೊಟ್ಟೆ, ರೆಕ್ಕೆಯ ಅಡಿಭಾಗ, ಆಕಾಶ ನೋಡುವ ಚಕ್ರ. ಒಡಲಿನ ಕೆಳಭಾಗಕ್ಕೆ ರೆಕ್ಕೆ ಇರುವ ವಿಮಾನ ಮೇಲ್ಭಾಗಕ್ಕೆ ರೆಕ್ಕೆ ಇರುವುದರಂತೆ ಕಾಣುತ್ತದೆ. ಪ್ರಿಂಟನ್ನು ತಲೆಕೆಳಗು ಹಿಡಿದು ಇನ್ನೊಮ್ಮೆ ನೋಡಿ.

## ಹಂತ 5: ಲೋಹ ಓದಿ

ಇದೇ ಎಲ್ಲಕ್ಕಿಂತ ಮುಖ್ಯ ಹಂತ. ಸಮಯ ಇಲ್ಲಿ ಹಾಕಿ.

ಎಂಜಿನ್. ಎರಡು ಜಾತಿ. ಸಿಲಿಂಡರುಗಳು ಸೂರ್ಯಕಾಂತಿ ದಳದ ಹಾಗೆ ಸುತ್ತ ಇರುವ ರೇಡಿಯಲ್, ಮತ್ತು ಸಾಲಾಗಿ ಇರುವ ಇನ್‌ಲೈನ್. ಎಂಜಿನ್ ಮುಚ್ಚಳ ಕಳಚಿಹೋಗಿದ್ದರೆ ನಿಮ್ಮ ಅದೃಷ್ಟ, ಸಿಲಿಂಡರ್ ಎಣಿಸಿ. ಉದಾಹರಣೆಗೆ ನಾಲ್ಕು ಎಂಜಿನ್ನಿನ ಅಮೆರಿಕನ್ ಬಾಂಬರ್ ಬಿದ್ದಿದೆ, ಬಾಲವೇ ಇಲ್ಲ ಅಂದುಕೊಳ್ಳಿ. ಒಂದೇ ಸುತ್ತಿನಲ್ಲಿ 9 ಸಿಲಿಂಡರ್ ಇದ್ದರೆ ಬಿ-17. ಹಿಂದೆ ಮುಂದೆ ಎರಡು ಸುತ್ತು, ಒಟ್ಟು 14 ಇದ್ದರೆ ಬಿ-24 ಲಿಬರೇಟರ್. ಅಷ್ಟೇ ಸಾಕು.

ಇನ್‌ಲೈನ್ ಆದರೆ ಹೊಗೆ ಕೊಳವೆಗಳ ಸಾಲು ಎಲ್ಲಿದೆ ನೋಡಿ. ಸ್ಪಿಟ್‌ಫೈರ್, ಹರಿಕೇನ್‌ಗಳ ಮರ್ಲಿನ್ ಎಂಜಿನ್ ನೆಟ್ಟಗೆ ಕೂತಿರುತ್ತದೆ, ಹೊಗೆ ಕೊಳವೆ ಮೂಗಿನ ಮೇಲ್ಭಾಗದಲ್ಲಿ. ಜರ್ಮನ್ನರ ಡೈಮ್ಲರ್-ಬೆನ್ಜ್ 601, ಯೂಮೋ 211 ಎಂಜಿನ್‌ಗಳನ್ನು ತಲೆಕೆಳಗಾಗಿ ಕೂರಿಸಿರುತ್ತಾರೆ, ಹೊಗೆ ಕೊಳವೆ ಮೂಗಿನ ಕೆಳಭಾಗದಲ್ಲಿ. ರೆಕ್ಕೆ ಬಾಲ ಎಲ್ಲ ಹೋಗಿ ಮೂಗು ಮಾತ್ರ ಉಳಿದ ಫೋಟೋದಲ್ಲೂ ಈ ಒಂದು ಗುರುತು ಕೆಲಸ ಮಾಡುತ್ತದೆ.

ನಾನು ಎಡವಿದ್ದು ಇಲ್ಲಿ. ಚಿಕ್ಕಪೇಟೆಯ ಸಂಡೇ ಬಜಾರಿನ ರದ್ದಿ ರಾಶಿಯಲ್ಲಿ ಒಂದು ಫೋಟೋ ಸಿಕ್ಕಿತ್ತು. ಹೊಲದಲ್ಲಿ ದುಂಡಗಿನ ಮೂಗು, ಮೂರು ಬ್ಲೇಡು, ಹಿಂದೆ ಸುಟ್ಟ ರಾಶಿ. ದುಂಡಗಿದೆ, ಹಾಗಾದರೆ ರೇಡಿಯಲ್, ಹಾಗಾದರೆ ಜರ್ಮನ್ ಫೈಟರ್ ಫೋಕೆ-ವುಲ್ಫ್ 190 ಅಂತ ಎರಡು ತಿಂಗಳು ನಂಬಿಕೊಂಡಿದ್ದೆ. ಒಂದು ಸಂಜೆ ಭೂತಗನ್ನಡಿ ಇಟ್ಟಾಗ ಮಗ್ಗುಲ ಕೆಳಗಡೆ ಒಂದೇ ಸಾಲಿನಲ್ಲಿ ಆರು ಮೋಟು ಕೊಳವೆ ಕಂಡವು. ರೇಡಿಯಲ್‌ಗೆ ಹಾಗೆ ಸಾಲಾಗಿ ಆರು ಬರುವುದಿಲ್ಲ. ಅದು ಬಹುಶಃ ಯುಂಕರ್ಸ್ 88ರ ರೆಕ್ಕೆಯಿಂದ ಕಳಚಿ ಬಿದ್ದ ಎಂಜಿನ್. ಒಳಗಿರುವುದು ಇನ್‌ಲೈನ್, ಅದರ ಮುಂದೆ ರೇಡಿಯೇಟರನ್ನು ಬಳೆಯ ಹಾಗೆ ಸುತ್ತ ಜೋಡಿಸಿರುತ್ತಾರೆ. ಎದುರಿನಿಂದ ನೋಡಿದವರೆಲ್ಲ ಮೋಸ ಹೋಗುತ್ತಾರೆ. ಫೋಕೆ-ವುಲ್ಫ್ 190ರಲ್ಲೇ ಉದ್ದ ಮೂಗಿನ ಡಿ-9 ಮಾದರಿಗೂ ಇದೇ ಬಳೆ ರೇಡಿಯೇಟರ್. ಹಾಗಾಗಿ ಮೂಗು ದುಂಡಗಿದೆ ಅಂತ ರೇಡಿಯಲ್ ಅನ್ನಬೇಡಿ.

ಚಕ್ರದ ಕಾಲು. ಕಾಲು ಒಡಲಿಗೆ ಹತ್ತಿರ ಹುಟ್ಟಿ ಹೊರಗಡೆಗೆ ಮಡಚುತ್ತದೆಯೋ, ರೆಕ್ಕೆಯ ನಡುವೆ ಹುಟ್ಟಿ ಒಳಗಡೆಗೆ ಮಡಚುತ್ತದೆಯೋ? ಮೆಸ್ಸರ್‌ಶ್ಮಿಟ್ 109, ಸ್ಪಿಟ್‌ಫೈರ್ ಮೊದಲನೇ ಬಗೆ. ಹರಿಕೇನ್, ಫೋಕೆ-ವುಲ್ಫ್ 190, ಜೀರೋ ಎರಡನೇ ಬಗೆ. ಕಾಲೇ ಇಲ್ಲದಿದ್ದರೂ ರೆಕ್ಕೆಯ ಅಡಿಯಲ್ಲಿ ಚಕ್ರ ಕೂರುವ ಗುಂಡಿ ಇರುತ್ತದೆ, ಅದರ ಜಾಗ ನೋಡಿ.

ಒಳಗಿನ ಎಲುಬು. ಸುಟ್ಟ ವಿಮಾನ ಕಂಡರೆ ಕೈ ಚೆಲ್ಲಬೇಡಿ. ಬೆಂಕಿ ಎಷ್ಟೋ ಸಲ ನಮಗೆ ಸಹಾಯ ಮಾಡುತ್ತದೆ. ವಿಕರ್ಸ್ ವೆಲಿಂಗ್ಟನ್ ಬಾಂಬರಿನ ಮೈಮೇಲಿದ್ದದ್ದು ಬಟ್ಟೆ. ಅದು ಸುಟ್ಟುಹೋದರೆ ಒಳಗೆ ಬೆತ್ತದ ಬುಟ್ಟಿಯ ಹಾಗೆ ಅಡ್ಡಡ್ಡ ಹೆಣೆದ ಲೋಹದ ಜಾಲರಿ ಕಾಣುತ್ತದೆ. ಅದನ್ನು ಒಮ್ಮೆ ನೋಡಿದರೆ ಸಾಯುವ ತನಕ ಮರೆಯುವುದಿಲ್ಲ. ಹರಿಕೇನ್‌ನ ಹಿಂಭಾಗದ ಬಟ್ಟೆ, ಮರ ಸುಟ್ಟರೆ ಕೊಳವೆಗಳ ಚೌಕಟ್ಟು ಉಳಿಯುತ್ತದೆ, ಚಪ್ಪರದ ಗಳುಗಳ ಹಾಗೆ. ಸ್ಪಿಟ್‌ಫೈರ್‌ನಲ್ಲಿ ಅಂಥ ಚೌಕಟ್ಟು ಇಲ್ಲ, ತಗಡೇ ಅದರ ಎಲುಬು. ತಗಡು ಏರಿಳಿತದ ಶೀಟಿನ ಹಾಗೆ ಗೀರುಗೀರಾಗಿದ್ದು, ಎಂಜಿನ್ ಮೂರಿದ್ದರೆ ಯುಂಕರ್ಸ್ 52. ಮಸ್ಕಿಟೋ ಮರದ ವಿಮಾನ, ಪೂರ್ತಿ ಸುಟ್ಟರೆ ಎರಡು ಎಂಜಿನ್, ಚಕ್ರದ ಕಾಲು ಬಿಟ್ಟು ಹೆಚ್ಚೇನೂ ಇರದು.

ಬಾಲ. ನೆಟ್ಟಗೆ ನಿಂತ ಫಿನ್ ಒಂದೋ ಎರಡೋ? ಎರಡಿದ್ದರೆ ಪಟ್ಟಿ ಚಿಕ್ಕದಾಗುತ್ತದೆ, ಆದರೂ ಮುಗಿಯುವುದಿಲ್ಲ: ಡಾರ್ನಿಯರ್ 17, ಮೆಸ್ಸರ್‌ಶ್ಮಿಟ್ 110, ಹ್ಯಾಂಪ್‌ಡನ್, ಹಡ್ಸನ್, ಹ್ಯಾಲಿಫ್ಯಾಕ್ಸ್, ಲ್ಯಾಂಕಾಸ್ಟರ್, ಬಿ-24, ಬಿ-25, ರಷ್ಯದ ಪಿಇ-2. ಬಾಲದ ಅಡ್ಡರೆಕ್ಕೆಗೆ ಕೆಳಗಿನಿಂದ ಊರುಗೋಲು ಕೊಟ್ಟಿದ್ದರೆ, ರೆಕ್ಕೆಯ ತುದಿ ಚೌಕಾಗಿದ್ದರೆ ಮೆಸ್ಸರ್‌ಶ್ಮಿಟ್ 109ರ ‘ಇ’ ಅಥವಾ ಅದಕ್ಕಿಂತ ಹಳೆಯ ಮಾದರಿ. ಊರುಗೋಲು ಹೋಗಿ ತುದಿ ದುಂಡಗಾದದ್ದು ‘ಎಫ್’ನಿಂದ.

ಪ್ರೊಪೆಲರ್. ಬ್ಲೇಡುಗಳು ಹಿಂದಕ್ಕೆ ಮಡಚಿದ್ದರೆ ಎಂಜಿನ್ ನಿಂತಿತ್ತು ಅಥವಾ ನಿಧಾನವಾಗಿತ್ತು, ತುದಿ ಮುಂದಕ್ಕೆ ಬಾಗಿದ್ದರೆ ಜೋರಾಗಿ ತಿರುಗುತ್ತಿತ್ತು ಅಂತ ಹೇಳುವುದು ರೂಢಿ. ಸುಳಿವಾಗಿ ಬರೆದಿಟ್ಟುಕೊಳ್ಳಿ. ತೀರ್ಪಾಗಿ ಬೇಡ.

## ಹಂತ 6: ಎರಡು ಹೆಸರಿನ ಪಟ್ಟಿ ಮಾಡಿ, ಒಂದನ್ನು ಹೊಡೆದುಹಾಕಿ

ಲೋಹ ಓದಿದ ಮೇಲೆ ಕಡಿಮೆ ಅಂದರೂ ಎರಡು ಹೆಸರು ಬರೆಯಿರಿ. ಒಂದೇ ಹೆಸರು ಬರೆದರೆ ಮನಸ್ಸು ಅದನ್ನೇ ಸಾಕತೊಡಗುತ್ತದೆ. ಎರಡು ಬರೆದರೆ ವ್ಯತ್ಯಾಸ ಹುಡುಕುತ್ತದೆ.

ಬರ್ಮಾ ಕಡೆಯ ಫೋಟೋಗಳನ್ನೇ ತೆಗೆದುಕೊಳ್ಳೋಣ. ನಮ್ಮವರು, ಅದರಲ್ಲೂ ಕೊಡಗಿನವರು, ಆ ರಣರಂಗದಲ್ಲಿದ್ದರು. ಅಜ್ಜನ ಟ್ರಂಕಿನಿಂದ ಇಂಥ ಫೋಟೋ ಬಂದರೆ ಆಶ್ಚರ್ಯ ಇಲ್ಲ. ಹಿಂದೆ ‘ಜೀರೋ’ ಅಂತ ಬರೆದಿರುತ್ತದೆ. ಆಗ ಸೈನಿಕರ ಬಾಯಲ್ಲಿ ಜಪಾನಿನ ಯಾವ ಫೈಟರ್ ಆದರೂ ಜೀರೋನೇ. ಆದರೆ ಜೀರೋ ಜಪಾನಿನ ನೌಕಾಪಡೆಯ ವಿಮಾನ. ಬರ್ಮಾ, ಇಂಫಾಲದ ಮೇಲೆ ಹೆಚ್ಚಾಗಿ ಹಾರಿದ್ದು ಜಪಾನಿ ಭೂಸೇನೆಯ ಕಿ-43, ಮಿತ್ರಪಡೆಗಳು ಇಟ್ಟ ಹೆಸರು ‘ಆಸ್ಕರ್’.

ಇವೆರಡೂ ದೂರದಿಂದ ಅಣ್ಣತಮ್ಮಂದಿರ ಹಾಗೆ. ಎಂಜಿನ್ ಕೂಡ ನಕಜಿಮಾ ಕಂಪನಿಯ ಒಂದೇ ಕುಟುಂಬದ್ದು, 14 ಸಿಲಿಂಡರ್. ಅದನ್ನು ಎಣಿಸಿ ಪ್ರಯೋಜನ ಇಲ್ಲ. ನೋಡಬೇಕಾದ್ದು ಇವು: ಜೀರೋದ ರೆಕ್ಕೆಯ ಮುಂಚೂಣಿ ಅಂಚಿನಲ್ಲಿ 20 ಮಿಲಿಮೀಟರ್ ತೋಪಿನ ತೂತು ಇದೆ. ಕಿ-43ರ ರೆಕ್ಕೆಯಲ್ಲಿ ಬಂದೂಕೇ ಇಲ್ಲ, ಎರಡೂ ಮೂಗಿನ ಮೇಲೆ. ಜೀರೋದ ಬಾಲದ ಚಕ್ರ ಒಳಗೆ ಹೋಗುತ್ತದೆ, ಕಿ-43ರದ್ದು ಹೊರಗೇ ಇರುತ್ತದೆ. ಜೀರೋದ ಕಾಕ್‌ಪಿಟ್ ಗಾಜಿಗೆ ಕಂಬಿ ಜಾಸ್ತಿ, ಉದ್ದವೂ ಜಾಸ್ತಿ, ಹಳೇ ಮನೆಯ ಕಿಟಕಿಯ ಹಾಗೆ. ಕಿ-43ರದ್ದು ಗಿಡ್ಡ, ಕಂಬಿ ಕಡಿಮೆ.

ಮೂರರಲ್ಲಿ ಎರಡು ಕಂಡರೂ ತೀರ್ಮಾನಕ್ಕೆ ಬರಬಹುದು. ಒಂದೇ ಕಂಡರೆ ಎರಡೂ ಹೆಸರನ್ನು ಉಳಿಸಿಕೊಳ್ಳಿ.

‘ಕಾಣಲಿಲ್ಲ’ ಮತ್ತು ‘ಇಲ್ಲ’ ಎರಡೂ ಬೇರೆ. ರೆಕ್ಕೆಯ ಅಂಚು ಪೂರ್ತಿ ಕಾಣುತ್ತಿದ್ದು ತೂತು ಇಲ್ಲದಿದ್ದರೆ ಅದು ಸಾಕ್ಷಿ. ಅಂಚೇ ಹುಲ್ಲಿನಲ್ಲಿ ಮುಚ್ಚಿದ್ದರೆ ಅದು ಸಾಕ್ಷಿ ಅಲ್ಲ.

## ಹಂತ 7: ಈಗ ಬಣ್ಣ, ಗುರುತು

ಈಗ ಗುರುತು ನೋಡಬಹುದು. ಮೊದಲು ಫಿಲ್ಮಿನ ತಾಪತ್ರಯ ತಿಳಿದಿರಲಿ. ಆಗ ಸಾದಾ ಜನ ಬಳಸುತ್ತಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದಿಲ್ಲ. ಅದರಲ್ಲಿ ಕೆಂಪು ಕಪ್ಪಾಗಿ, ಹಳದಿ ಕಪ್ಪಗೆ, ನೀಲಿ ತಿಳಿಯಾಗಿ ಬರುತ್ತದೆ. ಕೆಂಪೂ ಸೇರಿ ಎಲ್ಲ ಬಣ್ಣ ಕಾಣುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಲೆಕ್ಕ ಬೇರೆ. ಬ್ರಿಟಿಷ್ ವಿಮಾನದ ಗುರುತಾದ ವೃತ್ತದ ನಡುವೆ ಕೆಂಪು, ಹೊರಗೆ ನೀಲಿ. ಫ್ರೆಂಚರದ್ದು ನಡುವೆ ನೀಲಿ, ಹೊರಗೆ ಕೆಂಪು. ಕಪ್ಪುಬಿಳುಪಿನಲ್ಲಿ, ಅದೂ ಯಾವ ಫಿಲ್ಮು ಅಂತ ಗೊತ್ತಿಲ್ಲದಾಗ, ಬರೀ ವೃತ್ತ ನೋಡಿ ದೇಶ ಹೇಳುವುದು ಜೂಜು.

ಗುರುತಿನಿಂದ ಸಿಗುವ ನಿಜವಾದ ಲಾಭ ತಾರೀಖು. ಅಮೆರಿಕನ್ ನಕ್ಷತ್ರದ ನಡುವಿನ ಕೆಂಪು ಚುಕ್ಕೆಯನ್ನು 1942ರ ಮೇ ತಿಂಗಳಲ್ಲಿ ತೆಗೆದರು. ಎಡಬಲ ಬಿಳಿ ಪಟ್ಟಿ ಸೇರಿದ್ದು 1943ರ ಜೂನ್ ಕೊನೆಯಲ್ಲಿ. ಪಟ್ಟಿ ಇದ್ದರೆ ಫೋಟೋ ಅದಕ್ಕಿಂತ ಹಿಂದಿನದಲ್ಲ. ಪಟ್ಟಿ ಇಲ್ಲದಿದ್ದರೆ ಮಾತ್ರ ಹಿಂದಿನದೇ ಅನ್ನುವ ಹಾಗಿಲ್ಲ, ಬಣ್ಣ ಹಚ್ಚುವವನಿಗೆ ಪುರುಸೊತ್ತು ಸಿಕ್ಕಿಲ್ಲದಿರಬಹುದು. ಬ್ರಿಟಿಷ್ ವಿಮಾನಗಳ ಬಾಲದ ಮೇಲೆ ಮೂರು ಬಣ್ಣದ ಪಟ್ಟಿ ಬಂದದ್ದು 1940ರ ಮೇ ತಿಂಗಳಲ್ಲಿ. ಭಾರತ, ಬರ್ಮಾದ ಕಡೆ ಬ್ರಿಟಿಷರು ತಮ್ಮ ವೃತ್ತದಿಂದ ಕೆಂಪನ್ನೇ ತೆಗೆದುಬಿಟ್ಟರು, ಜಪಾನಿನ ಕೆಂಪು ಸೂರ್ಯ ಅಂತ ತಿಳಿದು ತಮ್ಮವರೇ ಹೊಡೆದುಬಿಡಬಾರದು ಅಂತ. ಅಲ್ಲಿ ಉಳಿದದ್ದು ಕಡುನೀಲಿ, ತಿಳಿನೀಲಿ ಮಾತ್ರ.

ಇನ್ನೂ ಮೂರು ಬಲೆಗಳಿವೆ. ಸ್ವಸ್ತಿಕ ಕಂಡ ಕೂಡಲೇ ಜರ್ಮನ್ ಅನ್ನಬೇಡಿ, ಆಗಿನ ಫಿನ್ಲೆಂಡಿನ ವಾಯುಪಡೆಯ ಗುರುತೂ ಬಿಳಿ ವೃತ್ತದೊಳಗಿನ ನೀಲಿ ಸ್ವಸ್ತಿಕವೇ. ಎರಡನೆಯದು, ವಶಪಡಿಸಿಕೊಂಡ ವಿಮಾನಗಳು. ಜರ್ಮನ್ನರು ಸೆರೆಹಿಡಿದ ಬಿ-17ಗಳಿಗೆ ತಮ್ಮ ಶಿಲುಬೆ ಬಳಿದು ಹಾರಿಸಿದ್ದಾರೆ. ಲೋಹ ಒಂದು ದೇಶ, ಬಣ್ಣ ಇನ್ನೊಂದು ದೇಶ ಅಂದರೆ ನಿಮ್ಮ ಓದು ತಪ್ಪಿರಬೇಕು ಅಂತೇನಿಲ್ಲ. ಮೂರನೆಯದು, ಗುರುತು ಇರಬೇಕಾದ ಕಡೆ ಚೌಕನೆಯ ತೂತು. ಅದು ಗುಂಡಿನ ಏಟಲ್ಲ. ಯಾರೋ ಸೈನಿಕ ಮನೆಗೆ ಒಯ್ಯಲು ಚಾಕುವಿನಿಂದಲೋ ಕತ್ತರಿಯಿಂದಲೋ ಕೊಯ್ದುಕೊಂಡದ್ದು.

## ಹಂತ 8: ಅಕ್ಷರ, ನಂಬರ್

ಇದು ಬಹಳ ಜನಕ್ಕೆ ಖುಷಿ ಕೊಡುವ ಹಂತ, ಅದಕ್ಕೇ ಅಪಾಯ. ಪೂರ್ತಿ ಕಾಣದ ಅಕ್ಷರಕ್ಕೆ ಚುಕ್ಕೆ ಹಾಕಿ. ‘3’ ಇರಬಹುದು, ‘8’ ಇರಬಹುದು ಅನಿಸಿದರೆ ಎರಡನ್ನೂ ಬರೆಯಿರಿ.

ಜರ್ಮನ್ ಬಾಂಬರುಗಳಲ್ಲಿ ಶಿಲುಬೆಯ ಎಡಕ್ಕೆ ಎರಡು, ಬಲಕ್ಕೆ ಎರಡು ಅಕ್ಷರ. ‘ಜಿ1+ಬಿಎಚ್’ ಅಂತಿದ್ದರೆ, ‘ಜಿ1’ ಅಂದರೆ ಕೆಜಿ 55 ಎಂಬ ಬಾಂಬರ್ ದಳ. ‘ಬಿ’ ಆ ಒಂದು ವಿಮಾನದ ಅಕ್ಷರ. ಕೊನೆಯ ‘ಎಚ್’ ಆ ದಳದ 1ನೇ ತುಕಡಿ. ಕೆ, ಎಲ್ ಬಂದರೆ 2, 3. ಎಡಗಡೆ ಒಂದು ಅಂಕಿ ಒಂದು ಅಕ್ಷರ ಇಲ್ಲದೆ ನಾಲ್ಕೂ ಅಕ್ಷರಗಳೇ ಆಗಿದ್ದರೆ ಅದು ಕಾರ್ಖಾನೆ ಕೊಟ್ಟ ರೇಡಿಯೋ ಗುರುತು. ಅದರಿಂದ ದಳ ಹುಡುಕಲು ಹೋಗಿ ವಾರಗಟ್ಟಲೆ ಕಳೆದವರಿದ್ದಾರೆ.

ಬ್ರಿಟಿಷರದ್ದು ಬೇರೆ ರೀತಿ: ಎರಡು ದೊಡ್ಡ ಅಕ್ಷರ ಸ್ಕ್ವಾಡ್ರನ್ನಿಗೆ, ಅಂದರೆ ವಿಮಾನ ದಳಕ್ಕೆ, ಒಂದು ಅಕ್ಷರ ಆ ವಿಮಾನಕ್ಕೆ. ಇದು ಬದಲಾಗುತ್ತದೆ, ವಿಮಾನ ಬೇರೆ ಸ್ಕ್ವಾಡ್ರನ್ನಿಗೆ ಹೋದರೆ ಅಳಿಸಿ ಹೊಸದು ಬರೆಯುತ್ತಾರೆ. ಬದಲಾಗದ್ದು ಬಾಲದ ಹತ್ತಿರ ಚಿಕ್ಕದಾಗಿ ಬರೆದ ಸೀರಿಯಲ್ ನಂಬರ್. ದೊಡ್ಡ ಅಕ್ಷರ ನೋಡಿ ಹಿಗ್ಗಬೇಡಿ, ಚಿಕ್ಕದನ್ನು ಹುಡುಕಿ.

ಅಮೆರಿಕನ್ನರ ಬಾಲದ ನಂಬರಿನಲ್ಲಿ ಒಂದು ಕೊಕ್ಕೆ ಇದೆ. ವರ್ಷದ ಮೊದಲ ಅಂಕಿಯನ್ನು ಬಿಟ್ಟುಬಿಡುತ್ತಾರೆ. ಲಿಬಿಯಾದ ಮರುಭೂಮಿಯಲ್ಲಿ 1943ರ ಏಪ್ರಿಲ್‌ನಲ್ಲಿ ಕಳೆದುಹೋಗಿ 1958ರಲ್ಲಿ ತೈಲ ಹುಡುಕುವವರ ಕಣ್ಣಿಗೆ ಬಿದ್ದ ‘ಲೇಡಿ ಬಿ ಗುಡ್’ ಎಂಬ ಬಿ-24ರ ಪೂರ್ತಿ ನಂಬರ್ 41-24301. ಬಾಲದ ಮೇಲೆ ಬರುವುದು 124301. ಅದನ್ನು ಹಾಗೇ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಮುಂದೆ 4 ಸೇರಿಸಿ, ಅಡ್ಡಗೆರೆ ಹಾಕಿ ಹುಡುಕಿ.

ಒಂದೇ ಫೋಟೋದಲ್ಲಿ ಎರಡು ನಂಬರ್ ಕಂಡರೆ ಗಾಬರಿ ಬೇಡ. ಗುಜರಿ ಮೈದಾನದಲ್ಲಿ ಒಂದರ ಬಾಲ ಇನ್ನೊಂದರ ಒಡಲಿನ ಪಕ್ಕ ಬಿದ್ದಿರುತ್ತದೆ. ರಿಪೇರಿಯಲ್ಲೂ ಹಾಗೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬೇಕಂತಲೇ ಹಾಳುಮಾಡಿ ಬಿಟ್ಟುಹೋಗಿದ್ದ ಲಿಬರೇಟರುಗಳನ್ನು ಬೆಂಗಳೂರಿನ ಎಚ್‌ಎಎಲ್‌ನವರು ಒಂದರ ಭಾಗ ಇನ್ನೊಂದಕ್ಕೆ ಹಾಕಿ ಎಬ್ಬಿಸಿದರು. ಭಾರತೀಯ ವಾಯುಪಡೆ ಅವನ್ನು 1968ರವರೆಗೂ ಹಾರಿಸಿತು. ಇವತ್ತು ಬೇರೆ ದೇಶಗಳ ಮ್ಯೂಸಿಯಮ್ಮುಗಳಲ್ಲಿ ಇರುವ ಕೆಲವು ಲಿಬರೇಟರುಗಳು ಹೀಗೆ ಬೆಂಗಳೂರು ದಾಟಿ ಹೋದವೇ. ಅಂಥ ವಿಮಾನದಲ್ಲಿ ಬಾಗಿಲಿನ ನಂಬರ್ ನೋಡಿ ಇಡೀ ವಿಮಾನದ ಜಾತಕ ಬರೆದರೆ ತಪ್ಪುತ್ತದೆ.

## ಹಂತ 9: ದಾಖಲೆಗೆ ಜೋಡಿಸಿ, ಮಡಚಿಟ್ಟ ಪುಟ ತೆರೆಯಿರಿ

ಈಗ ಕೈಯಲ್ಲಿ ಮಾದರಿ, ಋತು, ಕೆಲವು ಅಕ್ಷರ ಇವೆ. ಬ್ರಿಟಿಷ್ ಸ್ಕ್ವಾಡ್ರನ್‌ಗಳ ದಿನಚರಿ ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಅಮೆರಿಕನ್ನರಲ್ಲಿ 1943ರಿಂದ ವಾಪಸ್ ಬಾರದ ವಿಮಾನಗಳಿಗೆ ‘ಕಾಣೆಯಾದ ಸಿಬ್ಬಂದಿ ವರದಿ’ ಬರೆಯುತ್ತಿದ್ದರು, ಅದರಲ್ಲಿ ಎಂಜಿನ್ ನಂಬರ್ ಸಮೇತ ಇರುತ್ತದೆ. ಜರ್ಮನ್ನರ ನಷ್ಟದ ಪಟ್ಟಿಗಳೂ ಬಹುಪಾಲು ಉಳಿದಿವೆ, ಅವುಗಳಲ್ಲಿ ಕಾರ್ಖಾನೆಯ ನಂಬರ್ ಮುಖ್ಯ.

‘ಹೊಂದುತ್ತದೆ’ ಅಂದ ಮಾತ್ರಕ್ಕೆ ‘ಇದೇ’ ಅಂತಾಗುವುದಿಲ್ಲ. ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಫ್ರಾನ್ಸಿನ ಕಲೇ ಕಡಲತೀರ. ಮರಳಿನ ಮೇಲೆ ಹೊಟ್ಟೆ ಊರಿ ಕೂತ ಸ್ಪಿಟ್‌ಫೈರ್, ಸುತ್ತ ಜರ್ಮನ್ ಸೈನಿಕರು, 1940ರ ಮೇ ಕೊನೆಯ ವಾರ. ‘ಕಲೇ ತೀರದ ಸ್ಪಿಟ್‌ಫೈರ್’ ಅಂತ ಹುಡುಕಿದರೆ ಉತ್ತರ ಸಿಕ್ಕೇ ಸಿಗುತ್ತದೆ. ತೊಂದರೆ ಏನೆಂದರೆ ಎರಡು ಸಿಗುತ್ತವೆ. ಮೇ 24ರಂದು 92ನೇ ಸ್ಕ್ವಾಡ್ರನ್ನಿನ ಪೀಟರ್ ಕ್ಯಾಜನೋವ್ ಪಿ9374 ಎಂಬ ಸ್ಪಿಟ್‌ಫೈರನ್ನು ಕಲೇ ತೀರದಲ್ಲಿ ಇಳಿಸಿದರು. ಎರಡೇ ದಿನ ಬಿಟ್ಟು ಮೇ 26ರಂದು 19ನೇ ಸ್ಕ್ವಾಡ್ರನ್ನಿನ ಜೆಫ್ರಿ ಸ್ಟೀಫನ್ಸನ್ ಎನ್3200ನ್ನು ಪಕ್ಕದ ಸಾಂಗಾತ್ ತೀರದಲ್ಲಿ ಇಳಿಸಿದರು. ಒಂದೇ ಮಾದರಿ, ಒಂದೇ ಕರಾವಳಿ, ಒಂದೇ ವಾರ. ಎರಡೂ ಮರಳಿನಲ್ಲಿ ಹೂತು 1980ರ ದಶಕದಲ್ಲಿ ಮೇಲೆ ಬಂದವು, ಎರಡೂ ರಿಪೇರಿಯಾಗಿ ಮತ್ತೆ ಹಾರಿವೆ.

ಬೇರೆ ಮಾಡುವುದು ಹೇಗೆ? ಸ್ಕ್ವಾಡ್ರನ್ ಅಕ್ಷರದಿಂದ. 19ನೆಯದು ‘ಕ್ಯೂವಿ’, ಆಗ 92ನೆಯದು ‘ಜಿಆರ್’. ಎರಡನೇ ಅಕ್ಷರದ ಒಂದು ಬಾಗು ಕಂಡರೂ ಸಾಕು. ‘ವಿ’ಯಲ್ಲಿ ಬಾಗೇ ಇಲ್ಲ, ಬರೀ ಓರೆ ಗೆರೆ. ಅದೂ ಕಾಣದಿದ್ದರೆ? ‘ಎರಡರಲ್ಲಿ ಒಂದು’ ಅಂತ ಬರೆದು ನಿಲ್ಲಿಸಿ. ಇನ್ನೊಂದು ವಿಷಯ, ತೀರದ ಫೋಟೋಗಳಲ್ಲಿ ಮರಳು ಗಡಿಯಾರದ ಹಾಗೆ. ಪ್ರತಿ ಉಬ್ಬರಕ್ಕೂ ವಿಮಾನ ಇನ್ನಷ್ಟು ಹೂಳುತ್ತದೆ, ಬಂದುಹೋದವರು ಇನ್ನಷ್ಟು ಕಿತ್ತುಕೊಳ್ಳುತ್ತಾರೆ. ಒಂದೇ ವಿಮಾನದ ನಾಲ್ಕು ಫೋಟೋ ಇದ್ದರೆ ಮರಳಿನ ಮಟ್ಟ, ಉಳಿದ ಭಾಗ ನೋಡಿ ಸಾಲಾಗಿ ಜೋಡಿಸಬಹುದು.

ಮಡಚಿಟ್ಟ ಪುಟವನ್ನು ಈಗ ಬಿಡಿಸಿ. ಬರಹ ನಿಮ್ಮ ತೀರ್ಮಾನಕ್ಕೆ ಹೊಂದಿದರೆ ಸಂತೋಷ. ಹೊಂದದಿದ್ದರೆ ಬರಹವನ್ನೇ ಅನುಮಾನಿಸಿ, ಲೋಹವನ್ನಲ್ಲ.

## ತಪ್ಪು ದಾರಿ ಹಿಡಿದಿದ್ದೀರಿ ಅನ್ನುವುದಕ್ಕೆ ಸೂಚನೆ

ಒಂದು ವಿವರ ಹೊಂದದಾಗ ‘ಏಟು ಬಿದ್ದು ಬಾಗಿರಬೇಕು’ ಅನ್ನುತ್ತೀರಿ. ಸರಿ, ಒಂದು ಸಲ ಒಪ್ಪೋಣ. ಎರಡನೇ ಸಲ ಅದೇ ಮಾತು ಬಂದರೆ ಹಂತ 5ಕ್ಕೆ ವಾಪಸ್ ಹೋಗಿ.

ನಂಬರ್ ನಿಮಗೆ ಮಾತ್ರ ಕಾಣುತ್ತಿದ್ದರೆ ಅದೂ ಸೂಚನೆ. ವಿಷಯ ಗೊತ್ತಿಲ್ಲದ ಮನೆಯವರನ್ನು ಕರೆದು ‘ಇಲ್ಲಿ ಏನು ಬರೆದಿದೆ?’ ಅಂತ ಸುಮ್ನೆ ಕೇಳಿ. ಮೊದಲೇ ಉತ್ತರ ಹೇಳಬೇಡಿ. ನನ್ನ ‘5’ ಅನ್ನು ನನ್ನ ಮಗಳು ನೋಡಿ ‘ಅದು ಹಕ್ಕಿ ಹಿಕ್ಕೆ ಅಪ್ಪ’ ಅಂದಿದ್ದಳು. ಅದು ಹಿಕ್ಕೆಯೇ ಆಗಿತ್ತು.

ಆ ಮಾದರಿ ಆ ತಾರೀಖಿಗೆ ಆ ರಣರಂಗದಲ್ಲಿ ಇರಲೇ ಇಲ್ಲ ಅಂತ ತಿಳಿದ ಮೇಲೂ ‘ಒಂದಾದರೂ ಬಂದಿರಬಹುದಲ್ಲ’ ಅನ್ನಿಸಿದರೆ, ಎರಡು ದಿನ ಫೋಟೋವನ್ನು ಡ್ರಾಯರಿನಲ್ಲಿಡಿ.

ಪೈಲಟ್ ಹೆಸರು ಹೇಳುವ ಆಸೆ ಬಂದಾಗ ಅತ್ಯಂತ ಎಚ್ಚರ ಬೇಕು. ಆ ಹೆಸರಿಗೆ ಮನೆಯವರಿದ್ದಾರೆ. ‘ನಿಮ್ಮ ತಾತ ಸತ್ತ ವಿಮಾನ ಇದೇ’ ಅಂತ ಒಮ್ಮೆ ಹೇಳಿ, ಆಮೇಲೆ ‘ಕ್ಷಮಿಸಿ, ಬೇರೆಯದು’ ಅನ್ನುವುದು ಯಾರಿಗೂ ಬೇಡ.

## ಹಂತ 10: ಬರೆದಿಡಿ

ತೀರ್ಮಾನವನ್ನು ಒಂದೇ ಸಾಲಿನಲ್ಲಿ ಬರೆಯಬೇಡಿ. ಖಚಿತ, ಬಹುಶಃ, ಗೊತ್ತಿಲ್ಲ ಅಂತ ಮೂರು ಭಾಗ ಮಾಡಿ. ಪ್ರತಿಯೊಂದಕ್ಕೂ ಕಾರಣ ಬರೆಯಿರಿ, ಮುಂದೆ ಬೇರೆಯವರು ಪರೀಕ್ಷಿಸಲು ಆಗಬೇಕು. ಪ್ರಿಂಟಿನ ಹಿಂದೆ ಪೆನ್ನಿನಿಂದ ಬರೆಯಬೇಡಿ, ಶಾಯಿ ಮುಂದಕ್ಕೆ ಇಳಿಯುತ್ತದೆ. ಬೇರೆ ಚೀಟಿಯಲ್ಲಿ ಬರೆದು ಕವರಿನಲ್ಲಿ ಜೊತೆಗಿಡಿ.

ಸಂಡೇ ಬಜಾರಿನ ನನ್ನ ಫೋಟೋದ ಚೀಟಿ ಈಗ ಹೀಗಿದೆ:

ಖಚಿತ: ಇನ್‌ಲೈನ್ ಎಂಜಿನ್, ಬಳೆ ರೇಡಿಯೇಟರ್. ಮಗ್ಗುಲಿಗೆ ಆರು ಹೊಗೆ ಕೊಳವೆ, ಕೆಳಭಾಗದಲ್ಲಿ. ಫೋಟೋ ತಿರುಗಿಲ್ಲ, ಸೈನಿಕನ ಕೋಟಿನ ಗುಂಡಿ ಸರಿಯಾಗಿದೆ.

ಬಹುಶಃ: ಯುಂಕರ್ಸ್ 88. ಬೇಸಿಗೆ, ನೆಲದಲ್ಲಿ ಗೋಧಿ ಕೂಳೆ.

ಗೊತ್ತಿಲ್ಲ: ದಳ, ನಂಬರ್, ಊರು, ಒಳಗಿದ್ದವರು. ತುಂಡು 7 ಏನು ಅನ್ನುವುದು.